ತೊಗಲು ಮುಟ್ಟಿದ ಕೈ

ಹೋದ ತಿಂಗಳು ಧಾರವಾಡದಿಂದ ಬಂದಿದ್ದ ಮೊಮ್ಮಗಳು ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿಕೊಂಡು, ಯಾರೋ ಬಳಸಿ ಬಿಟ್ಟ ತೊಗಲಿನ ಕೈಚೀಲವೊಂದಕ್ಕೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಇಂಥ ಹಳೆಯ ಚೀಲಗಳನ್ನು ಹುಡುಕಿ ತಂದು ಮತ್ತೆ ನೆಟ್ಟಗೆ ಮಾಡುವುದು ಈಗಿನ ಹುಡುಗಿಯರಿಗೆ ಒಂದು ಹವ್ಯಾಸವಂತೆ. ನಾನು ಅಡುಗೆಮನೆಯಲ್ಲಿ ಮೆಂತ್ಯ ಪಲ್ಲೆ ಬಿಡಿಸುತ್ತಿದ್ದೆ. ಬೂಸಲು ಹಿಡಿದ ತೊಗಲು, ಬೆಚ್ಚಗೆ ಮಾಡಿದ ಔಡಲೆಣ್ಣೆ, ಜೇನುಮೇಣ... ಮೂರೂ ಕೂಡಿದ ವಾಸನೆ ಒಳಗೆ ಬಂತು. ನನ್ನ ಕೈ ನಿಂತುಬಿಟ್ಟಿತು. ಅರವತ್ತು ವರ್ಷಕ್ಕೂ ಹೆಚ್ಚಾಯಿತು ಆ ವಾಸನೆ ನನ್ನ ಮೂಗಿಗೆ ಬಿದ್ದು. ಅದು ನಮ್ಮ ಪಕ್ಕದ ಮನೆಯ ಕಾಕುವಿನ ಸೆರಗಿನ ವಾಸನೆ.

ನಮ್ಮದು ಗದಗಿನಲ್ಲಿ ಗುಡಿಯ ಹಿಂದಿನ ಓಣಿ. ಅಪ್ಪ ಕನ್ನಡ ಶಾಲೆಯ ಮಾಸ್ತರರು. ನಮ್ಮ ಮನೆಗೂ ಗುಡಿಯ ಅರ್ಚಕರ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಿಗೆ ಬಂದರೆ ಆ ಗೋಡೆ ಸೊಂಟದೆತ್ತರಕ್ಕೆ ಇಳಿಯುತ್ತಿತ್ತು. ಚಿಕ್ಕಮ್ಮ ಎಂಬ ಸಲಿಗೆಯಲ್ಲಿ ನಾನು ಕಾಕು ಎನ್ನುತ್ತಿದ್ದವಳು ಆ ಮನೆಯ ಹಿರಿಸೊಸೆ. ತವರು ಲಕ್ಷ್ಮೇಶ್ವರ. ಆಗ ಅದು ಸಂಸ್ಥಾನದ ಊರು, ಗದಗು ಬ್ರಿಟಿಷರದು. "ನಾ ಪರದೇಶದಾಕಿ ನೋಡು," ಎಂದು ನನ್ನೆದುರು ನಗುತ್ತಿದ್ದಳು. ಗುಡಿಯ ಪೂಜೆ ಮಾಡುತ್ತಿದ್ದ ಗಂಡ ವಿಷಮಜ್ವರದಲ್ಲಿ ತೀರಿಕೊಂಡಾಗ ಆಕೆಗೆ ಇನ್ನೂ ಸರಿಯಾಗಿ ಪ್ರಾಯ ತುಂಬಿರಲಿಲ್ಲ. ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು. ಪೂಜೆಯ ಹಕ್ಕು ಮೈದುನನಿಗೆ ಹೋಯಿತು. ಕಾಕುವಿನ ಪಾಲಿಗೆ ಉಳಿದದ್ದು ನಸುಕಿನ ತಣ್ಣೀರು, ಒದ್ದೆ ಸೀರೆಯಲ್ಲಿ ದೇವರ ನೈವೇದ್ಯದ ಅಡುಗೆ, ಮತ್ತು ಯಾರ ಕಣ್ಣಿಗೂ ಬೀಳದಂತೆ ಗೋಡೆ ಹಿಡಿದು ನಡೆಯುವುದು. ಶುಭಕಾರ್ಯಕ್ಕೆ ಹೊರಟವರು ಆಕೆ ಎದುರಾದರೆ ಒಳಗೆ ಹೋಗಿ, ಒಂದು ಗುಟುಕು ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ಹಾಗೆ ಒಳಗೆ ಹೋದವರ ಮನೆಯ ಬಾಣಂತನಕ್ಕೆ ಮಾತ್ರ ಕಾಕುವೇ ಬೇಕಾಗುತ್ತಿತ್ತು.

ಸ್ವಾತಂತ್ರ್ಯ ಬಂದ ವರ್ಷ ಹತ್ತಿ ಕಂಪನಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟ. ಬಂಗಲೆಯ ಸಾಮಾನು ಹರಾಜಾಯಿತು. ಅಪ್ಪ ಪುಸ್ತಕದ ಆಸೆಗೆ ಒಂದು ಪೆಟ್ಟಿಗೆ ಹಿಡಿದು ತಂದರು. ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಅಡಿಯಲ್ಲಿ ಹೆಂಗಸರ ತೊಗಲಿನ ಕೈಚೀಲವೊಂದು, ಒಣಗಿ ಹಪ್ಪಳವಾಗಿ, ಹಸಿರು ಬೂಸಲು ಹಿಡಿದು ಬಿದ್ದಿತ್ತು. ಅವ್ವ ಚೀರಿದಳು. ಅಪ್ಪ ಅದನ್ನು ಕಟ್ಟಿಗೆಯ ತುದಿಯಿಂದ ಎತ್ತಿ ಹಿತ್ತಲಿಗೆ ಎಸೆದರು. ಮಧ್ಯಾಹ್ನ ನಾನು ಭಾಂಡೆ ತಿಕ್ಕುತ್ತಿದ್ದಾಗ ಕಾಕು ಗೋಡೆಯ ಆಚೆಯಿಂದ ಕರೆದಳು.

"ಹುಡುಗಿ, ಅದನ್ನ ಏನ್ ಮಾಡ್ತೀರಿ?"

"ತಿಪ್ಪಿಗೆ ಒಗೀತೀವಿ ಕಾಕು."

"ಒಗೀಬ್ಯಾಡ. ಇತ್ತಾಗ ಕೊಡು."

ನಾನು ಗಾಬರಿಯಾಗಿ ಆಕೆಯ ಮುಖ ನೋಡಿದೆ. ಮಡಿ ಹೆಂಗಸು, ತೊಗಲು! "ಏನಾಗೂದಿಲ್ಲ, ಮತ್ತ ಜಳಕಾ ಮಾಡ್ತೀನಿ," ಎಂದಳು. ಆ ಮನೆಯ ದನದ ಕೊಟ್ಟಿಗೆ ಆಗ ಬರಿದಾಗಿತ್ತು. ಅಲ್ಲಿ ಕೂತು ಒದ್ದೆ ಅರಿವೆಯಿಂದ ಬೂಸಲು ಒರೆಸಿದಳು, ನೆರಳಲ್ಲಿ ಒಣಗಿಸಿದಳು, ಔಡಲೆಣ್ಣೆಯನ್ನು ಬೆಚ್ಚಗೆ ಮಾಡಿ ಬೆರಳಿನಿಂದ ಇಷ್ಟಿಷ್ಟೇ ಹಚ್ಚಿದಳು. ದಿನಾ ಮಧ್ಯಾಹ್ನ ಮನೆಯವರು ಮಲಗಿದಾಗ ಅದೇ ಕೆಲಸ. ವಾರ ಕಳೆಯುವುದರೊಳಗೆ ಚೀಲ ಮೈ ಸಡಿಲಿಸಿತು. ಹುಣಸೆಬೀಜದ ಬಣ್ಣ ಬಂತು. ಕಾಕು ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಸವರುತ್ತ ಕೂತದ್ದನ್ನು ನಾನು ಗೋಡೆಯ ಮೇಲಿನಿಂದ ನೋಡಿದೆ. ಆಕೆ ಒಂದು ವಸ್ತುವನ್ನು ತನ್ನದು ಎಂಬಂತೆ ಹಿಡಿದುಕೊಂಡದ್ದನ್ನು ಅದೇ ಮೊದಲು ಕಂಡದ್ದು.

ಹರಿದ ಹೊಲಿಗೆಗೆ ಆಕೆಯ ಹತ್ತಿರ ಉಪಾಯವಿರಲಿಲ್ಲ. ಬೆಟಗೇರಿಯಿಂದ ಒಬ್ಬ ಸಮಗಾರ ಅಜ್ಜಿ ಬರುತ್ತಿದ್ದಳು. ಬಜಾರದ ಬಾಯಲ್ಲಿ ಬೇವಿನ ಗಿಡದ ಕೆಳಗೆ ಕೂತು ಚಪ್ಪಲಿ ಹೊಲಿಯುವವಳು. ಹೊಲಿದ ಚಪ್ಪಲಿ ಕೊಡಲು ನಮ್ಮ ಹಿತ್ತಲ ಸಂದಿಗೆ ಬಂದಾಗ ಕಾಕು ಆಕೆಯನ್ನು ನಿಲ್ಲಿಸಿ ಚೀಲ ತೋರಿಸಿದಳು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು.

"ನನಗ್ಯಾಕ್ ಬೇಕ್ರೀ ಅವ್ವಾರ? ನಿಮಗ ಒಂದ್ ಮಾತ ಅಂತಾರ, ನಮಗ ಬೆನ್ನ ಮ್ಯಾಲ ಬೀಳತೈತಿ."

ಅಜ್ಜಿಯ ಆ ಮಾತು ಮುಂದೆ ಖರೆಯಾಯಿತು. ಆದರೆ ಅಂದು ಕಾಕು ಬಿಡಲಿಲ್ಲ. ಅಜ್ಜಿ ಆರಿ ಎಂಬ ದಪ್ಪ ಸೂಜಿಯನ್ನೂ ಮೇಣ ಹಚ್ಚಿದ ದಾರವನ್ನೂ ಗೋಡೆಯ ಮೇಲಿಟ್ಟು, ತಾನು ದೂರ ನಿಂತು, ಹೇಗೆ ಚುಚ್ಚಬೇಕು, ಹೇಗೆ ಜಗ್ಗಬೇಕು ಎಂದು ಕೈಯಾಡಿಸಿ ಹೇಳಿಕೊಟ್ಟಳು. ಕೆಲವೇ ವಾರಗಳಲ್ಲಿ ಇಬ್ಬರೂ ಕೊಟ್ಟಿಗೆಯ ಹೊಸ್ತಿಲಲ್ಲಿ ಅಕ್ಕಪಕ್ಕ ಕೂತಿದ್ದರು. ಯಾರೂ ಯಾರಿಗೂ ದೂರ ಸರಿ ಅನ್ನಲಿಲ್ಲ.

ಆ ಮೊದಲ ಚೀಲ ಹೋದದ್ದು ಮುನಿಸಿಪಾಲಿಟಿ ದವಾಖಾನೆಯ ನರ್ಸಬಾಯಿಯ ಹೆಗಲಿಗೆ. ಆಕೆಯನ್ನು ನೋಡಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಬಾಯಿಯೊಬ್ಬರು ತಮಗೂ ಒಂದು ಬೇಕೆಂದರು. ದೊರೆಗಳು ಬಿಟ್ಟುಹೋದ ಚೀಲಗಳು ಗುಜರಿಯವನ ಹತ್ತಿರ ರಾಶಿ ಬಿದ್ದಿದ್ದವು. ಅವನು ಹಿತ್ತಾಳೆ ಗುಂಡಿ ಕಿತ್ತುಕೊಂಡು ತೊಗಲನ್ನು ಬಿಸಾಡುತ್ತಿದ್ದ. ಅಜ್ಜಿ ಅವನ್ನು ಬುಟ್ಟಿಯಲ್ಲಿ ಮುಚ್ಚಿ ತರುತ್ತಿದ್ದಳು, ಕಾಕು ಜೀವ ತುಂಬುತ್ತಿದ್ದಳು. ಆ ಕಾಲದಲ್ಲಿ ಹೊರಗೆ ದುಡಿಯುವ ಹೆಂಗಸರೇ ಕಡಿಮೆ. ಇದ್ದವರೂ ಅರಿವೆಯ ಗಂಟು ಹಿಡಿದು ತಲೆ ತಗ್ಗಿಸಿ ಹೋಗುತ್ತಿದ್ದರು. ಕಾಕುವಿನ ಚೀಲ ಹೆಗಲಿಗೆ ಬಂದ ಮೇಲೆ ಅವರ ನಡಿಗೆಯೇ ಬೇರೆಯಾಯಿತೆಂದು ನನಗೆ ಅನಿಸುತ್ತಿತ್ತು. ಒಳಗಿನ ಹರಿದ ಅಸ್ತರಿಗೆ ಆಕೆ ಹಾಕುತ್ತಿದ್ದದ್ದು ದೇವಿಗೆ ಉಡಿಸಿ ಇಳಿಸಿದ ರೇಷ್ಮೆ ಸೀರೆಯ ತುಂಡುಗಳನ್ನು. ಪ್ರಸಾದವೆಂದು ಮನೆಗೆ ಬಂದು ಟ್ರಂಕಿನಲ್ಲಿ ಹಳತಾಗಿ ಪಿಸಿಯುತ್ತಿದ್ದ ಸೀರೆಗಳು ಅವು. "ಹೆಣ್ಮಕ್ಕಳು ಒಬ್ಬೊಬ್ಬರ ತಿರಗತಾರ. ತಾಯಿ ಜೋಡಿ ಇರ್ಲಿ," ಎನ್ನುತ್ತಿದ್ದಳು. ಅದರಲ್ಲಿ ಆಕೆಗೆ ಮೈಲಿಗೆ ಕಾಣಲಿಲ್ಲ.

ಗಡಿಯಾಚೆ ನಿಜಾಮನ ಸೀಮೆಯಲ್ಲಿ ರಜಾಕಾರರ ಹಾವಳಿ ನಡೆದಾಗ ಜನ ಕೈಗೆ ಸಿಕ್ಕದ್ದನ್ನು ಹೊತ್ತು ಮುಂಡರಗಿಗೆ ಓಡಿ ಬಂದಿದ್ದರು. ಹೊಟ್ಟೆಗಾಗಿ ಆ ಸಾಮಾನುಗಳನ್ನೂ ಮಾರಿದರು. ಹಾಗೆ ಮುಂಡರಗಿಯಿಂದ ಗದಗಿನ ಗುಜರಿಗೆ ಬಂದ ಒಂದು ಚೀಲ ಕಾಕುವಿನ ಕೈ ಸೇರಿತು. ಹಾವಳಿ ಅಡಗಿ ಒಂದು ಬೇಸಗೆ ಬಂದಿತ್ತು. ಅಸ್ತರು ಬಿಚ್ಚುತ್ತಿದ್ದ ಕಾಕು ಒಮ್ಮೆಲೇ ಕೈ ಹಿಂದೆಗೆದಳು. ಅರಿವೆ ಮತ್ತು ತೊಗಲಿನ ನಡುವೆ, ದಪ್ಪ ಹೊಲಿಗೆಯ ಒಳಗೆ, ಯಾರದೋ ತಾಳಿ ಇತ್ತು. ಕರಿಮಣಿ, ಎರಡು ಬಂಗಾರದ ಗುಂಡು, ಅರಿಸಿನದ ದಾರ.

ಬಹಳ ಹೊತ್ತು ಆಕೆ ಅದನ್ನು ಮುಟ್ಟಲಿಲ್ಲ. ಆಮೇಲೆ ಎಂದಳು, "ನನ್ನದನ್ನ ಹತ್ತ ಮಂದಿ ಮುಂದ ಹರದ್ರು. ಈಕಿ ಪಾಪ, ಹರೀಬಾರದು ಅಂತ ಹೊಲದಿಟ್ಟಾಳ. ಇದನ್ನ ಮುಟ್ಟಿಸಬೇಕು."

ಗುಜರಿಯವನಿಗೆ ಗುರುತು ನೆನಪಿತ್ತು: ಮುಂಡರಗಿಯ ಸಂತೆ ಬಯಲಿನ ಹಿಂದೆ ಉಳಿದುಕೊಂಡಿದ್ದ ಒಬ್ಬ ಒಕ್ಕಲಿಗನಿಂದ ಕೊಂಡದ್ದು. ಮನೆಯಲ್ಲಿ ತವರಿಗೆ ಹೋಗಿಬರುತ್ತೇನೆಂದು ಹೇಳಿ ಕಾಕು ಹೊರಟಳು. ಜೊತೆಗೆ ನಾನು. ಗಂಡ ಸತ್ತ ಮೇಲೆ ಆಕೆ ಮೋಟಾರು ಹತ್ತಿದ್ದು ಅದೇ ಮೊದಲು. ಕೆಂಪು ಸೀರೆಯ ಮೇಲೆ ತೊಗಲಿನ ಚೀಲ ಇಟ್ಟುಕೊಂಡು, ಎರಡೂ ಕೈಯಿಂದ ಅವುಚಿಕೊಂಡು ಕೂತಿದ್ದಳು. ಎದುರಿನ ಸೀಟಿನಲ್ಲಿ ನಮ್ಮ ಗುಡಿಗೆ ನಡೆದುಕೊಳ್ಳುವ ದಂಪತಿ ಕೂತಿದ್ದರು. ಹೆಂಗಸು ಗಂಡನ ಮೊಣಕೈ ತಿವಿದಳು. ನಾನು ಕಾಕುವಿನ ಕಿವಿಯಲ್ಲಿ "ಚೀಲ ಸೆರಗಿನಾಗ ಮುಚ್ಕೋರಿ" ಎಂದೆ. ಆಕೆ ಮುಚ್ಚಲಿಲ್ಲ.

ಆ ಹೆಂಗಸು ಸಿಕ್ಕಳು. ತಗಡಿನ ಕೆಳಗೆ ಜೋಳ ಬೀಸುತ್ತಿದ್ದಳು. ನನಗಿಂತ ಸ್ವಲ್ಪ ದೊಡ್ಡವಳಿರಬೇಕು. ಕೊರಳು ಬರಿದಾಗಿತ್ತು. ಚೀಲ ಕಂಡದ್ದೇ ಬೀಸುಗಲ್ಲು ನಿಂತಿತು.

ಗಂಡ ಕೊಪ್ಪಳದಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದ, ಮದುವೆಯ ವರ್ಷ ಆ ಚೀಲ ತಂದುಕೊಟ್ಟಿದ್ದ. ಗಡಿ ದಾಟುವಾಗ ದಾರಿಯಲ್ಲಿ ಕಿತ್ತುಕೊಳ್ಳುತ್ತಾರೆಂದು ಅವನೇ ಹೇಳಿ ತಾಳಿಯನ್ನು ಒಳಗೆ ಹೊಲಿಸಿದ್ದ. ತಾನು ಮನೆ ಕಾಯಲು ಹಿಂದೆ ಉಳಿದ. ಆಕೆಯ ಅಣ್ಣ ಇಲ್ಲಿ, ಏನೂ ಕೇಳದೆ, ಉಳಿದ ಸಾಮಾನಿನ ಜೊತೆ ಚೀಲವನ್ನೂ ಮಾರಿದ. ಅದೇ ವಾರ ಗಂಡನನ್ನು ಕಡಿದು ಹಾಕಿದ ಸುದ್ದಿ ಬಂತು.

"ಆವಾಗ ಎಲ್ಲಾರೂ ಬೈದ್ರಬೇ," ಎಂದಳು ಆ ಹೆಂಗಸು. "ತಾಳಿ ಬಿಚ್ಚಿಟ್ಟದ್ದಕ್ಕ ಗಂಡನ್ನ ತಿಂದಿ ಅಂದ್ರು. ಈಗ ತಂದೀರಿ. ಈಗ ಇದನ್ನ ಏನ್ ಮಾಡ್ಲಿ ನಾನು?"

ಕಾಕು ಆಕೆಯ ಮಗ್ಗುಲಲ್ಲಿ ಹೋಗಿ ನೆಲದ ಮೇಲೆ ಕೂತಳು. ತಾಳಿಯನ್ನು ಆಕೆಯ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿ, ಆ ಮುಷ್ಟಿಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. "ಬಿಚ್ಚಿಟ್ಟದ್ದಕ್ಕ ಯಾರೂ ಸಾಯೂದಿಲ್ಲವ್ವಾ. ನಾ ಬಿಚ್ಚಿರಲಿಲ್ಲ. ನನ್ನವ್ರೂ ಸತ್ರು," ಎಂದಳು. ಆಗ ಆ ಹೆಂಗಸು ಅತ್ತಳು ನೋಡಿ... ಆ ಅಳು ಬರೆಯಲು ನನಗೆ ಬರುವುದಿಲ್ಲ.

ಮರುದಿನ ನಾವು ಗದಗಿಗೆ ಬರುವಷ್ಟರಲ್ಲಿ ಖಬರು ನಮಗಿಂತ ಮೊದಲೇ ಮುಟ್ಟಿತ್ತು. ಓಣಿಯ ಮಣ್ಣಿನಲ್ಲಿ ಕೊಟ್ಟಿಗೆಯ ಚೀಲಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಕೆಲವು ಬಾಯಿ ತೆರೆದುಕೊಂಡು, ಒಳಗಿನ ರೇಷ್ಮೆ ಕಾಣುವ ಹಾಗೆ. ಮೈದುನ ಬಾಗಿಲಿಗೆ ಅಡ್ಡ ನಿಂತಿದ್ದ. ಅತ್ತಿಗೆಗೆ ಯಾವತ್ತೂ 'ವೈನಿ, ನೀವು' ಎನ್ನುತ್ತಿದ್ದವನು ಅಂದು ಏಕವಚನಕ್ಕಿಳಿದ.

"ತೊಗಲ ಮುಟ್ಟಿದ ಕೈಲೆ ದೇವರ ನೈವೇದ್ಯ ಮಾಡಿದಿ! ತಾಯಿ ಸೀರಿ ಒಯ್ದು ಸತ್ತ ದನದ ಚರ್ಮದಾಗ ಹೊಲದಿ!"

ಕಾಕು ಮೆಲ್ಲಗೆ ಕೇಳಿದಳು, "ಗುಡಿ ನಗಾರಿಗೆ ಹೊದಿಸಿದ್ದು ಏನದ?"

ಅವನು ಕೈ ಎತ್ತಿದ. ಹೊಡೆಯಲಿಲ್ಲ. ಹೊಡೆದರೆ ಮುಟ್ಟಿದಂತಾಗುತ್ತದೆಂದು ಕೈ ಇಳಿಸಿದ. ಊರ ಹಿರಿಯರು ಕೂಡಿ ಪ್ರಾಯಶ್ಚಿತ್ತ ಹೇಳಿದರು: ಪಂಚಗವ್ಯ ಕುಡಿಯಬೇಕು, ಚೀಲಗಳನ್ನು ತನ್ನ ಕೈಯಿಂದಲೇ ಸುಡಬೇಕು, ಸಮಗಾರಳು ತನಗೆ ಮಾಟ ಮಾಡಿ ಈ ಕೆಲಸಕ್ಕೆ ಹಚ್ಚಿದಳೆಂದು ಎಲ್ಲರೆದುರು ಹೇಳಬೇಕು. ಮೊದಲನೆಯದಕ್ಕೆ ಕಾಕು ಒಪ್ಪಿದಳು. ಉಳಿದ ಎರಡಕ್ಕೂ ಒಪ್ಪಲಿಲ್ಲ. "ಕಲಿಸ್ರಿ ಅಂತ ನಾನ ಆಕಿ ಬೆನ್ನ ಹತ್ತಿದ್ದೆ," ಎಂದಳು. ಅಂದು ಸಂಜೆಯೇ ಉಟ್ಟ ಸೀರೆಯಲ್ಲಿ ಮನೆ ಬಿಟ್ಟಳು.

ಅಜ್ಜಿಗೆ ಪ್ರಾಯಶ್ಚಿತ್ತದ ಮಾತೇ ಇರಲಿಲ್ಲ. ಆಕೆಯ ಮಗನನ್ನು ಬಜಾರದಲ್ಲಿ ಹಿಡಿದು ಹೊಡೆದರು, ಕೈ ಮುರಿಯಿತು. ಬೇವಿನ ಗಿಡದ ಕೆಳಗಿನ ಆಕೆಯ ಜಾಗದಲ್ಲಿ ಯಾರೋ ಮುಳ್ಳು ಹಾಕಿದರು. ಅಜ್ಜಿ ಮತ್ತೆ ಅಲ್ಲಿ ಕೂಡಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಅಸ್ಪೃಶ್ಯತೆ ಹೋಯಿತೆಂದು ನಮ್ಮಪ್ಪ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಅಂದು ಆ ಹಿರಿಯರ ಸಾಲಿನಲ್ಲಿ ಅಪ್ಪನೂ ಕೂತಿದ್ದರು. ತುಟಿ ಬಿಚ್ಚಲಿಲ್ಲ.

ಲಕ್ಷ್ಮೇಶ್ವರದಲ್ಲಿ ಕಾಕುವಿನ ಅಣ್ಣ ಆಕೆಯನ್ನು ಒಳಗೆ ಕರೆಯಲಿಲ್ಲ. ಹಿತ್ತಲ ಬಣವೆಯ ಮಗ್ಗುಲಲ್ಲಿ ಒಂದು ಚಪ್ಪರ ಹಾಕಿಸಿಕೊಟ್ಟು ದೂರದಿಂದ ಊಟ ನೂಕುತ್ತಿದ್ದ. ವರ್ಷಗಟ್ಟಲೆ ಆಕೆ ಹಾಗೇ ಇದ್ದಳು. ನನಗೆ ಶಿರಹಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿ ಸಿಕ್ಕಿದಾಗ ನಾನು ನೆಟ್ಟಗೆ ಅಲ್ಲಿಗೆ ಹೋದೆ. "ನನ್ನ ಜೋಡಿ ಬರ್ರಿ ಕಾಕು. ಒಬ್ಬಾಕಿಗೇ ಮನಿ ಬಣಾ ಬಣಾ ಅಂತದ," ಎಂದೆ. ಆಕೆ ನನ್ನ ಕೈಯಲ್ಲಿದ್ದ ಅರಿವೆಯ ಗಂಟು ನೋಡಿದಳು. "ಬಾಯಾರು ಆಗೀದಿ, ಇದನ್ನ ಹಿಡಕೊಂಡು ಸಾಲಿಗೆ ಹೋಗ್ತೀಯೇನು?" ಎಂದು ನಕ್ಕಳು. ನಗು ಇನ್ನೂ ಉಳಿದಿತ್ತು.

ಶಿರಹಟ್ಟಿಯಲ್ಲಿ ನಾವಿದ್ದದ್ದು ಗಾಣಿಗರ ಮನೆಯ ಹಿಂದಿನ ಎರಡು ಕೋಣೆಯಲ್ಲಿ. ಮನೆಯ ಯಜಮಾನಿ ಆಕೆಯ ಕಥೆ ಕೇಳಿ "ದುಡದ ತಿನ್ನೂ ಕೈಗೆ ಎಂಥಾ ಮೈಲಿಗಿಬೇ" ಎಂದು ಎಣ್ಣೆಯ ತಂಬಿಗೆ ತಂದಿಟ್ಟಳು. ಕಾಕು ಮತ್ತೆ ಆರಿ ಹಿಡಿದಳು. ಮುಳಗುಂದ, ಶಿಗ್ಲಿ, ಎಲ್ಲೆಲ್ಲಿಂದಲೋ ಹಳೆಯ ಚೀಲಗಳು ಬಂದವು. ತಲೆಗೆ ಕತ್ತಿ ತಾಗಿಸುವುದನ್ನೂ ಬಿಟ್ಟಳು. ಕೂದಲು ಬೆಳೆಯಿತು. ಅಷ್ಟೊತ್ತಿಗೆ ನರೆತೂ ಇತ್ತು. ನಾನೊಂದು ಹಣಿಗೆ ತಂದುಕೊಟ್ಟಾಗ ಅದನ್ನು ಹೇಗೆ ಹಿಡಿಯಬೇಕೆಂದು ಮರೆತವಳಂತೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ದಿನಾ ಮುಂಜಾನೆ ಬಿಸಿಲಿಗೆ ಕೂತು ಬಾಚಿಕೊಳ್ಳುತ್ತಿದ್ದಳು, ಅವಸರವಿಲ್ಲದೆ. ಕೊನೆಗೆ ಬೆನ್ನ ಮೇಲೆ ಒಂದು ಸಣ್ಣ ಜಡೆ.

ಎಲ್ಲ ಸುಖವಾಗಿತ್ತು ಎನ್ನಲಾರೆ. ನನ್ನ ಜೊತೆಯ ಬಾಯಾರುಗಳು ಆಕೆಯ ಚೀಲ ಹಾಕಿಕೊಂಡು ಮೆರೆಯುತ್ತಿದ್ದರು, ಆಕೆ ಕೊಟ್ಟ ಚಹಾ ಮಾತ್ರ ಕುಡಿಯುತ್ತಿರಲಿಲ್ಲ. "ಈಗಷ್ಟೇ ಆತ್ರಿ" ಎನ್ನುತ್ತಿದ್ದರು, ಪ್ರತಿ ಸಲ. ಕಾಕು ಕಪ್ಪು ಎತ್ತಿಕೊಂಡು ತಾನೇ ಕುಡಿಯುತ್ತಿದ್ದಳು.

ಕರ್ನಾಟಕ ಒಂದಾಯಿತು. ಶಾಲೆಯ ಮಕ್ಕಳನ್ನು ಸಾಲು ಹಚ್ಚಿ ನಾವು ಪ್ರಭಾತಫೇರಿ ಮಾಡಿದೆವು. ಗದಗು, ಶಿರಹಟ್ಟಿ, ಗಡಿಯಾಚೆಯ ಕೊಪ್ಪಳ, ಎಲ್ಲ ಒಂದೇ ರಾಜ್ಯ. ಎದೆನೋವಿನಿಂದ ಹಾಸಿಗೆ ಹಿಡಿದಿದ್ದ ಕಾಕುವಿಗೆ ನಾನು ಪೇಢೆ ತಂದು ಸುದ್ದಿ ಹೇಳಿದೆ. ಆಕೆ "ಗಡಿ ಕಿತ್ತ ಒಗದ್ರು, ಚಲೋ ಆತು," ಎಂದಳು. "ಆ ಮುಂಡರಗಿ ಹುಡುಗಿಗೆ ಯಾರರ ಹೇಳ್ಯಾರೇನು?"

ಅದೇ ವಾರ ಹೋದಳು. ಮುಂಜಾನೆ ನಾನು ಚಹಾ ತಂದಾಗ ಮೈ ತಣ್ಣಗಾಗಿತ್ತು.

ಗಾಣಿಗರ ಮನೆಯವರೂ ನಾನೂ ಕೂಡಿ ಮುಂದಿನದಕ್ಕೆ ಅಣಿಯಾಗುತ್ತಿದ್ದೆವು. ನಾನೇ ಆಕೆಯ ತಲೆ ಬಾಚಿ ಜಡೆ ಹಾಕಿದೆ. ಸುದ್ದಿ ಲಕ್ಷ್ಮೇಶ್ವರಕ್ಕೆ ಹೋಯಿತು, ಅಲ್ಲಿಂದ ಗದಗಿಗೆ. ಮಧ್ಯಾಹ್ನದ ಹೊತ್ತಿಗೆ ಬಾಡಿಗೆ ಮೋಟಾರಿನಲ್ಲಿ ಮೈದುನ ಬಂದಿಳಿದ. ಬದುಕಿದ್ದಾಗ ಒಂದು ಹಿಡಿ ಅಕ್ಕಿ ಕಳಿಸದವನು, "ನಮ್ಮಾಕಿ. ಕಂಡಕಂಡವರು ಬೆಂಕಿ ಕೊಟ್ರ ನಮ್ಮ ಮನೆತನದ ಗತಿ ಏನು?" ಎಂದ. ಒಳಗೆ ಬಂದು ಹೆಣ ನೋಡಿದ. ಮುಖ ಕಪ್ಪಿಟ್ಟಿತು. "ಈ ಕೂದಲಿಟ್ಟುಕೊಂಡು ಕರ್ಮ ಆಗೂದಿಲ್ಲ. ಹಜಾಮನ್ನ ಕರೀರಿ."

ನಾನು ಬಾಗಿಲಲ್ಲಿ ನಿಂತು ಬೇಡ ಎಂದೆ, ಕೂಗಾಡಿದೆ. "ಮಾಸ್ತರ ಮಗಳ, ನೀ ಆಕಿಗೆ ಏನಾಗಬೇಕು?" ಎಂದು ಕೇಳಿದ. ಏನಾಗಬೇಕಿತ್ತು ನಾನು ಆಕೆಗೆ? ರಕ್ತವಲ್ಲ, ಗೋತ್ರವಲ್ಲ. ಬಂದ ಹಜಾಮನೂ ಕತ್ತಿ ಕೆಳಗಿಟ್ಟ. "ಸತ್ತಾಕಿ ತಲಿಗೆ ಕತ್ತಿ ಹಚ್ಚಾಕ ನನ್ನ ಕೈ ಬರೂದಿಲ್ರಿ," ಎಂದು ಅತ್ತ. ಅವನನ್ನು ಗದರಿಸಿ ಮಾಡಿಸಿದರು. ಹಿತ್ತಲಲ್ಲಿ, ದಿನಾ ಬಿಸಿಲಿಗೆ ಕೂಡುತ್ತಿದ್ದ ಅದೇ ಜಾಗದಲ್ಲಿ. ಆ ಶಬ್ದ... ಒಣ ತಲೆಯ ಮೇಲೆ ಕತ್ತಿ ಎಳೆಯುವ ಶಬ್ದ. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಯಾರಾದರೂ ಒಬ್ಬರು ಕೇಳಬೇಕಿತ್ತು.

ಬೀದಿಯಲ್ಲಿ ಏಕೀಕರಣದ ಬಣ್ಣದ ಕಾಗದದ ತೋರಣ ಇನ್ನೂ ಇಳಿದಿರಲಿಲ್ಲ. ಅದರ ಕೆಳಗೇ ಒಯ್ದರು.

ಮೈದುನನೂ ಹೋದ, ಅವನ ಮಗನೂ ಹೋದ. ಮೊನ್ನೆ ಅವನ ಮೊಮ್ಮಗ ಫೋನು ಮಾಡಿದ್ದ. ತಮ್ಮ ಮನೆತನದ ಬಗ್ಗೆ ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. ಸಭ್ಯ ಹುಡುಗ, ಮಾತಿಗೊಮ್ಮೆ ಅಜ್ಜಿ ಎನ್ನುತ್ತಾನೆ. "ನಮ್ಮ ಮನಿಯ ಹಿರಿಯಾಕಿ ಒಬ್ಬಾಕಿ ಆ ಕಾಲದಾಗ ಲೆದರ್ ಬ್ಯಾಗಿನ ಉದ್ಯೋಗ ಮಾಡ್ತಿದ್ಲಂತ. ಭಾರೀ ಧೈರ್ಯದಾಕಿ ಅಂತ. ನೀವು ಕಣ್ಣಾರೆ ನೋಡೀರಿ ಅಜ್ಜಿ, ನಾಕು ಸಾಲು ಬರದು ಕೊಡ್ರಿ. ನಮಗೆಲ್ಲಾ ಅಭಿಮಾನ. ಆಕಿ ಹೆಸರೂ ಯಾರಿಗೂ ಗೊತ್ತಿಲ್ಲ, ಹೆಸರೂ ಹಾಕ್ರಿ."

ವಿಚಾರ ಮಾಡ್ತೀನಿ ಎಂದೆ. ಮಾಡಿದೆ. ನಾಕು ಸಾಲಲ್ಲ, ಇಷ್ಟುದ್ದ ಬರೆದೆ. ಅವನಿಗಾಗಿ ಅಲ್ಲ. ಆಕೆಯ ಹೆಸರು ನನಗೆ ಗೊತ್ತು. ತವರಿನವರು ಕರೆಯುತ್ತಿದ್ದ ಮುದ್ದಿನ ಹೆಸರೂ ಗೊತ್ತು. ನಾನು ಹೋದರೆ ಎರಡೂ ಹೋಗುತ್ತವೆ, ಬಲ್ಲೆ. ಹೋಗಲಿ. ಒಮ್ಮೆ ಅವರು ನಮ್ಮಾಕಿ ಎಂದು ಬಂದು ಒಯ್ದರು. ಆಗ ಬೇಡ ಎನ್ನಲು ಆಕೆಗೆ ಬಾಯಿರಲಿಲ್ಲ. ಎರಡನೆಯ ಸಲ ನಾನು ಕೊಡುವುದಿಲ್ಲ.